ಬೆಳಗಿನ ಆರರಿಂದ ಹತ್ತು: ಲಾಕ್‌ಡೌನ್ ಕಟ್ಟಳೆಗಳೂ ಕರ್ನಾಟಕದ ತಕರಾರುಗಳೂ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ತಾಲ್ಲೂಕು ಕಚೇರಿಯಲ್ಲಿ ಸೇವೆ ಸಲ್ಲಿಸಿದವರು. ಮೇಲಿನಿಂದ ಹೊರಟ ಸುತ್ತೋಲೆ ಊರಿನ ಅರಳಿಕಟ್ಟೆ ಮುಟ್ಟುವ ಹೊತ್ತಿಗೆ ಏನೇನಾಗಿರುತ್ತದೆ ಎಂಬುದನ್ನು ಬಲ್ಲವರು. ಹಾಗಾಗಿ ಕೋವಿಡ್ ಕಾಲದ ಕಟ್ಟಳೆಗಳ ಬಗ್ಗೆ ಮಾತಾಡಲು ಇದು ತಕ್ಕ ವೇದಿಕೆ ಎಂದು ನನಗನಿಸಿತು. ವೈರಾಣುವಿನ ವಿಚಾರ ವೈದ್ಯರಿಗೆ ಬಿಟ್ಟದ್ದು. 2020ರ ಮಾರ್ಚ್‌ನಿಂದ 2022ರ ಜನವರಿವರೆಗೆ ನಮ್ಮ ರಾಜ್ಯದಲ್ಲಿ ಹೊರಬಿದ್ದ ಆದೇಶಗಳು, ಅವುಗಳ ಮೇಲೆ ಎದ್ದ ತಕರಾರುಗಳು, ಯಾರ ತಕರಾರಿಗೆ ಸರ್ಕಾರ ಎಷ್ಟು ಬೇಗ ಕಿವಿಗೊಟ್ಟಿತು ಎಂಬ ಲೆಕ್ಕ, ಇಷ್ಟೇ ನನ್ನ ವಿಷಯ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. 2020ರ ಮಾರ್ಚ್ 12ರಂದು ಅದು ದೃಢಪಟ್ಟಿತು. ಮರುದಿನವೇ ಮಾಲು, ಸಿನಿಮಾ ಮಂದಿರ, ಪಬ್ಬು, ದೊಡ್ಡ ಮದುವೆ ಎಲ್ಲಕ್ಕೂ ಒಂದು ವಾರ ತಡೆ ಬಿತ್ತು. ಇಡೀ ದೇಶಕ್ಕೆ ಬೀಗ ಬಿದ್ದದ್ದು ಮಾರ್ಚ್ 24ರ ನಡುರಾತ್ರಿ. ಅಂದರೆ ನಾವು ಹತ್ತು ದಿನ ಮೊದಲೇ ಎಚ್ಚೆತ್ತಿದ್ದೆವು, ಇದನ್ನು ಒಪ್ಪಿಕೊಳ್ಳಬೇಕು. ಆದರೆ ರಾಜ್ಯದ ಆ ತಡೆ ಘೋಷಣೆಯಾದ ಎರಡೇ ದಿನಕ್ಕೆ ಆಗಿನ ಮುಖ್ಯಮಂತ್ರಿಗಳು ಬೆಳಗಾವಿಯಲ್ಲಿ ವಿಧಾನ ಪರಿಷತ್ ಸದಸ್ಯರೊಬ್ಬರ ಮನೆಯ ಅದ್ದೂರಿ ಮದುವೆಗೆ ಹೋಗಿಬಂದರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ಅವತ್ತು ಎಷ್ಟು ಜನರ ಬಾಯಲ್ಲಿ ಬಂತೋ! ಮುಂದಿನ ಎರಡು ವರ್ಷ ಜನ ಪ್ರತಿ ಆದೇಶವನ್ನೂ ಅನುಮಾನದಿಂದ ನೋಡಿದ್ದರ ಬೇರು ಇಂಥ ಕಡೆ ಇದೆ.

ಕಟ್ಟಳೆಯೇ ಬೇಡವಾಗಿತ್ತು ಎಂದು ವಾದಿಸಲು ನಾನು ಬಂದಿಲ್ಲ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಪ್ರಕರಣಗಳು ದಾಖಲಾದವು. ಅದಕ್ಕೆ ಎರಡು ದಿನ ಮುಂಚೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತ ಸುದ್ದಿ ಬಂದಿತ್ತು, ಆಮ್ಲಜನಕದ ಕೊರತೆಯ ಮಾತು ಎದ್ದಿತ್ತು. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು. ಆ ದಿನಗಳಲ್ಲಿ 'ಎಲ್ಲ ತೆರೆದಿರಲಿ' ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಟಿವಿ ಚರ್ಚೆಗಳು ಮಾತ್ರ ಲಾಕ್‌ಡೌನ್ ಬೇಕೋ ಬೇಡವೋ ಎಂದು ಎರಡು ಕುರ್ಚಿ ಹಾಕಿ ಜಗಳ ಹಚ್ಚಿದವು. ದಿನಸಿ ಅಂಗಡಿಯ ಮುಂದೆ, ಆಟೋ ನಿಲ್ದಾಣದಲ್ಲಿ ನಡೆದ ಜಗಳವೇ ಬೇರೆ. ಅಂಗಡಿ ಎಷ್ಟು ಗಂಟೆಗೆ ಮುಚ್ಚಬೇಕು? ಸ್ಕೂಟರಿನಲ್ಲಿ ಹೋಗಬಹುದೋ, ನಡೆದೇ ಹೋಗಬೇಕೋ? ಕಾರಿನಲ್ಲಿ ಒಬ್ಬನೇ ಕೂತವನಿಗೂ ಮಾಸ್ಕ್ ಬೇಕೆ? ಯಾರನ್ನು ಕೇಳಿ ಇದನ್ನೆಲ್ಲ ಬರೆದರು?

ಕೊನೆಯ ಪ್ರಶ್ನೆಗೆ ಉತ್ತರ ಹಳೆಯದು. ಮೊದಮೊದಲ ಆದೇಶಗಳಿಗೆ ಬೆನ್ನೆಲುಬಾಗಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದು, ಮುಂಬಯಿಗೆ ಪ್ಲೇಗ್ ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಮೂಲದಲ್ಲಿ ಅದಕ್ಕಿದ್ದದ್ದು ನಾಲ್ಕೇ ಕಲಮು. ಮೊದಲನೆಯದು ಹೆಸರು, ಎರಡನೆಯದು ಸರ್ಕಾರಕ್ಕೆ ಅಧಿಕಾರ, ಮೂರನೆಯದು ಮೀರಿದವರಿಗೆ ಶಿಕ್ಷೆ, ನಾಲ್ಕನೆಯದು ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಗೆ ರಕ್ಷಣೆ. ಜನರು ದೂರು ಕೊಡುವುದು ಎಲ್ಲಿ, ಆದೇಶಕ್ಕೆ ಕಾರಣ ಕೊಡಬೇಕೋ ಇಲ್ಲವೋ ಎಂಬುದರ ಸುಳಿವೇ ಅದರಲ್ಲಿಲ್ಲ. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಮನೆ ನುಗ್ಗಿ ತಪಾಸಣೆ ಮಾಡಿದರು, ಜನ ರೊಚ್ಚಿಗೆದ್ದರು. ಪ್ಲೇಗ್ ಕಮಿಷನರ್ ರ‍್ಯಾಂಡ್‌ನನ್ನು ಚಾಫೇಕರ್ ಸಹೋದರರು ಗುಂಡಿಟ್ಟು ಕೊಂದರು. ಪತ್ರಿಕೆಯಲ್ಲಿ ಟೀಕಿಸಿ ಬರೆದ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಹದಿನೆಂಟು ತಿಂಗಳ ಸಜೆಯಾಯಿತು. ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆಮೇಲೆ. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದೂ ಆಗಲೇ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬುದು ನಮ್ಮ ಹಳ್ಳಿಗರಿಗೆ ಯಾವ ಕಾಯ್ದೆಯೂ ಕಲಿಸಿದ್ದಲ್ಲ.

ಈಗ ಮತ್ತೆ ನಮ್ಮ ಕಾಲಕ್ಕೆ ಬರುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರಿಗೆ ಒಂದು ಆಜ್ಞೆಯಾಯಿತು. ಗಂಟೆಗೊಮ್ಮೆ ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕು, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಮಾತ್ರ ವಿನಾಯಿತಿ. ಕೈಮೇಲೆ ಮುದ್ರೆ ಅದಾಗಲೇ ಬಿದ್ದಿತ್ತು. ಅವರ ವಿಳಾಸಗಳ ಪಟ್ಟಿ ಸರ್ಕಾರದ ಜಾಲತಾಣದಲ್ಲೇ ಬಂತು, ವಾಟ್ಸ್ಆ್ಯಪ್‌ನಲ್ಲಿ ಬೀದಿಬೀದಿಗೆ ಹಂಚಿಹೋಯಿತು. ಬಾಡಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರಿದ್ದರು, ಹಾಲು ಹಾಕುವುದು ಬಿಟ್ಟವರಿದ್ದರು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾಲಿಕೆ ಸಿಬ್ಬಂದಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡಿನ ಹಾಳೆ ಬಡಿದುಬಿಟ್ಟರು. ಒಳಗೆ ಮಕ್ಕಳೂ ಇದ್ದರು, ವಯಸ್ಸಾದವರೂ ಇದ್ದರು. ಬೆಂಕಿಯೋ ಎದೆನೋವೋ ಆದರೆ ಗತಿಯೇನು ಎಂದು ನೆರೆಯವರು ಫೋಟೊ ಹಾಕಿ ಕೇಳಿದ ಮೇಲೆ ತಗಡು ಕಳಚಿತು, ಪಾಲಿಕೆ ಆಯುಕ್ತರು ಕ್ಷಮೆ ಕೇಳಿದರು. ಆ ತಗಡು ಬಡಿದ ನೌಕರರನ್ನು ನಾನು ದೂರುವುದಿಲ್ಲ. 'ಸೀಲ್‌ಡೌನ್' ಎಂಬ ಮಾತು ಮೇಲಿನಿಂದ ಬಂದಿತ್ತು, ಅದನ್ನು ಹೇಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಮೊಳೆ, ಸುತ್ತಿಗೆ ಕೈಯಲ್ಲಿದ್ದವು.

2021ರ ಏಪ್ರಿಲ್ 27ರಿಂದ 'ಕೊರೊನಾ ಕರ್ಫ್ಯೂ'. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ. ಆ ನಾಲ್ಕು ಗಂಟೆಯಲ್ಲಿ ಏನಾಯಿತೆಂದು ಇಲ್ಲಿರುವ ಎಲ್ಲರಿಗೂ ನೆನಪಿದೆ. ದಿನವಿಡೀ ಬಿಡಿಬಿಡಿಯಾಗಿ ಬರುತ್ತಿದ್ದ ಜನ ಒಟ್ಟಿಗೆ ನುಗ್ಗಿದರು. ತರಕಾರಿ ಮಾರುಕಟ್ಟೆಯಲ್ಲಿ ಒಬ್ಬರ ಮೈಮೇಲೆ ಒಬ್ಬರು, ಎಪಿಎಂಸಿ ಯಾರ್ಡಿನಲ್ಲಿ ಲಾರಿಗೂ ಜನಕ್ಕೂ ಜಾಗ ಸಾಲದು. ಅಂತರ ಕಾಪಾಡಲೆಂದು ಇಟ್ಟ ಸಮಯವೇ ಅಂತರವನ್ನು ನುಂಗಿತು. ಈ ದೂರು ಪತ್ರಿಕೆಗಳಲ್ಲಿ ಬಂತು, ವ್ಯಾಪಾರಿಗಳು ಹೇಳಿದರು, ಅಧಿಕಾರಿಗಳೂ ಕಂಡರು. ವಾರದೊಳಗೆ ಸಮಯ ಮಧ್ಯಾಹ್ನ ಹನ್ನೆರಡಕ್ಕೆ ಹೋಯಿತು. ತಳ್ಳುಗಾಡಿ, ಹಾಪ್‌ಕಾಮ್ಸ್, ಹಾಲಿನ ಬೂತುಗಳಿಗೆ ಸಂಜೆ ಆರರವರೆಗೆ ಬಿಡುವು ಸಿಕ್ಕಿತು. ಸಂತೆ ನಿಂತಿತು, ಗಾಡಿ ಮನೆ ಬಾಗಿಲಿಗೆ ಬಂತು. ಇಡೀ ಎರಡು ವರ್ಷದಲ್ಲಿ ನನಗೆ ಅತ್ಯಂತ ವಿವೇಕದ ಆದೇಶ ಎನಿಸಿದ್ದು ಇದು. ಅದು ಹುಟ್ಟಿದ್ದು ತಕರಾರಿನಿಂದ.

ಅದು ಬಾಳಿದ್ದು ಒಂದೇ ವಾರ. ಮೇ 10ರಿಂದ ಮತ್ತೆ ಆರರಿಂದ ಹತ್ತು. ಜೊತೆಗೆ, ದಿನಸಿಗೆ ಹೋಗುವವರು ವಾಹನ ತೆಗೆಯುವಂತಿಲ್ಲ. ಮೊಣಕಾಲು ನೋವಿನ ಮುದುಕಿ ಹತ್ತು ಕೆಜಿ ಅಕ್ಕಿ ಹೊತ್ತು ಹೇಗೆ ನಡೆಯಬೇಕು? ಮಲೆನಾಡಿನ ಒಂಟಿಮನೆಯವರು ನಾಲ್ಕು ಮೈಲಿ ದೂರದ ಅಂಗಡಿಗೆ ಹೋಗುವುದು ಹೇಗೆ? ಆದೇಶ ಬರೆದವರ ಕಣ್ಣಮುಂದೆ ಇದ್ದದ್ದು ಮೂಲೆಗೊಂದು ಅಂಗಡಿ ಇರುವ ಬೆಂಗಳೂರಿನ ಬಡಾವಣೆ. ಮೊದಲ ದಿನವೇ ಲಾಠಿ ಬೀಸಿದ ವಿಡಿಯೊಗಳು ಹರಿದಾಡಿದವು. ಲಾಠಿ ಬಳಸಬೇಡಿ ಎಂದು ಪೊಲೀಸ್ ಮಹಾನಿರ್ದೇಶಕರೇ ಹೇಳಬೇಕಾಯಿತು. ಹತ್ತಿರದ ಅಂಗಡಿಗೆ ವಾಹನ ಒಯ್ಯಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಬಾಸುಂಡೆ ಎದ್ದವರಿಗೆ ಸ್ಪಷ್ಟನೆಯಿಂದ ಏನು ಉಪಯೋಗ?

ಕೇರಳ ಗಡಿಯ ತಲಪಾಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಕಾಸರಗೋಡಿನ ಕನ್ನಡಿಗರಿಗೂ ಮಲಯಾಳಿಗರಿಗೂ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸುಗಳು ವಾಪಸಾದವು, ಆಸ್ಪತ್ರೆ ಮುಟ್ಟದೆ ರೋಗಿಗಳು ತೀರಿಕೊಂಡರು. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿತ್ತು, ದಕ್ಷಿಣ ಕನ್ನಡದ ಜನರಿಗೆ ಭಯವಿತ್ತು, ಎರಡೂ ನಿಜ. ಆದರೆ ಡಯಾಲಿಸಿಸ್‌ಗೆ ಬರುವವನನ್ನೂ ಮಣ್ಣಿನ ಗುಡ್ಡೆ ಹಾಕಿ ತಡೆಯುವುದು ಯಾವ ಆರೋಗ್ಯ ನೀತಿ? ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೋವಿಡ್ ಇಲ್ಲದ ತುರ್ತು ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಏರ್ಪಾಟು ಕೊನೆಗೆ ಆಯಿತು. ಮೊದಲ ದಿನವೇ ಅದನ್ನು ಮಾಡಲು ಅಡ್ಡಿಯೇನಿತ್ತೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಸರ್ಕಾರವನ್ನೇ ಬೈದು ಸುಮ್ಮನಾದರೆ ಅರ್ಧ ಸತ್ಯವಾಗುತ್ತದೆ. ಎಷ್ಟೋ ಹಳ್ಳಿಗಳು ತಾವೇ ಮುಳ್ಳುಬೇಲಿ ಹಾಕಿದವು, ರಸ್ತೆ ಅಗೆದವು. ಬೆಂಗಳೂರಿನಲ್ಲಿ ದುಡಿದು ಊರಿಗೆ ಹಣ ಕಳಿಸುತ್ತಿದ್ದ ಹುಡುಗನನ್ನು ಅವನ ಊರೇ ಒಳಗೆ ಬಿಡಲಿಲ್ಲ. ಮಂಡ್ಯದ ಕೆ.ಆರ್. ಪೇಟೆ ಸೀಮೆಗೆ ಮುಂಬಯಿಯಿಂದ ಮರಳಿದವರು ಎಲ್ಲರ ಬಾಯಲ್ಲಿ 'ಮುಂಬೈನವರು' ಆಗಿಹೋದರು. ಈ ಬೇಲಿಗೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ಇನ್ನು ನಾನು ಮೊದಲೇ ಹೇಳಿದ ಲೆಕ್ಕ. 2021ರ ಏಪ್ರಿಲ್ 1ರಂದು ಪುನೀತ್ ರಾಜ್‌ಕುಮಾರ್ ಅವರ 'ಯುವರತ್ನ' ಬಿಡುಗಡೆಯಾಯಿತು. ಮರುದಿನ ಚಿತ್ರಮಂದಿರಗಳಲ್ಲಿ ಅರ್ಧ ಸೀಟು ಮಾತ್ರ ಎಂಬ ಆದೇಶ. ಚಿತ್ರರಂಗ ದನಿ ಎತ್ತಿತು, ಅದರ ಮರುದಿನವೇ ಏಪ್ರಿಲ್ 7ರವರೆಗೆ ಬಿಡುವು ಸಿಕ್ಕಿತು. 2020ರ ಡಿಸೆಂಬರ್‌ನ ರಾತ್ರಿ ಕರ್ಫ್ಯೂ ಜಾರಿಗೆ ಬರುವ ಕೆಲವು ಗಂಟೆ ಮೊದಲೇ ರದ್ದಾಯಿತು. 2022ರ ಜನವರಿಯ ವಾರಾಂತ್ಯ ಕರ್ಫ್ಯೂ ಹೋಟೆಲ್ ಮಾಲೀಕರು ಸಿಡಿದೆದ್ದ ಮೇಲೆ ಎರಡೇ ವಾರದಲ್ಲಿ ಹೋಯಿತು. ನಗರದಲ್ಲಿ ಸಾವಿರ ರೂಪಾಯಿ ಇದ್ದ ಮಾಸ್ಕ್ ದಂಡ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. 2020ರ ಮೇ 5ರಂದು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆಯಾಯಿತು. ಅದರ ಬೆನ್ನಿಗೇ ಕಾರ್ಮಿಕರನ್ನು ಊರಿಗೊಯ್ಯುವ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ದೇಶವೆಲ್ಲ ಉಗಿದ ಮೇಲಷ್ಟೇ ರೈಲು ಮತ್ತೆ ಹೊರಟವು. ಮುಖ್ಯಮಂತ್ರಿಗಳ ಮನೆಗೆ ಫೋನ್ ಮಾಡಬಲ್ಲವರ ತಕರಾರು ಗಂಟೆಗಳಲ್ಲಿ, ದಿನಗಳಲ್ಲಿ ಇತ್ಯರ್ಥವಾಯಿತು ಎಂಬುದೇ ನನ್ನ ವಾದ.

ಫೋನ್ ಇಲ್ಲದವರದು? 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟವಾಯಿತು. 2,30,000 ಕ್ಷೌರಿಕರಿಗೆ, 60,000 ಅಗಸರಿಗೆ ತಲಾ ಐದು ಸಾವಿರ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಒಳ್ಳೆಯದೇ. ಆದರೆ ಅಂಗಡಿಗೆ ಬೋರ್ಡೇ ಇಲ್ಲದ ಕ್ಷೌರಿಕ ತನ್ನ ಕಸುಬನ್ನು ಕಾಗದದ ಮೇಲೆ ಸಾಬೀತು ಮಾಡಬೇಕಿತ್ತು. ಮರುವರ್ಷ, ರೋಗ ಹೆಚ್ಚು ಉಗ್ರವಾಗಿದ್ದಾಗ, ಅವನ ಪಾಲು ಎರಡು ಸಾವಿರಕ್ಕಿಳಿಯಿತು. ಮನೆಗೆಲಸದ ಹೆಂಗಸರನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತಡೆದದ್ದು ಯಾವ ಸರ್ಕಾರಿ ಆದೇಶವೂ ಅಲ್ಲ, ನಿವಾಸಿಗಳ ಸಂಘ. ಅದರ ಮೇಲೆ ದೂರು ಕೊಡಲು ಕಚೇರಿಯೇ ಇರಲಿಲ್ಲ.

ಎಲ್ಲರಿಗಿಂತ ದನಿ ಸಣ್ಣದಾಗಿದ್ದವರು ಮಕ್ಕಳು. ಹತ್ತನೆಯ ತರಗತಿಗೆ ಪರೀಕ್ಷೆ ಇತ್ತು, ಆದ್ದರಿಂದ ಅದಕ್ಕೆ ಗಮನವೂ ಇತ್ತು. 2020ರ ಜೂನ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆದರು. ಮೇಷ್ಟ್ರುಗಳು ಗುಡಿಯ ಜಗಲಿ, ಮರದ ನೆರಳಿನಲ್ಲಿ ನಡೆಸಿದ 'ವಿದ್ಯಾಗಮ' ಅಕ್ಟೋಬರ್‌ನಲ್ಲಿ ನಿಂತಿತು. ಶಿಕ್ಷಕರ ಸಾವು, ಮಕ್ಕಳ ಸೋಂಕಿನ ಸುದ್ದಿಗಳಿಂದ ಹುಟ್ಟಿದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಲ್ಲಿಸಿದ ಮೇಲೆ ಅದರ ಬದಲಿಗೆ ಏನು ಎಂದು ಕೇಳುವ ಸಂಘವಾಗಲಿ, ವಾಣಿಜ್ಯ ಮಂಡಳಿಯಾಗಲಿ ಒಂದನೆಯ ತರಗತಿಗೆ ಇರಲಿಲ್ಲ. ಚಿತ್ರಮಂದಿರಗಳಿಗೆ ಪೂರ್ತಿ ಸೀಟಿನ ಅನುಮತಿ 2021ರ ಅಕ್ಟೋಬರ್ 1ಕ್ಕೆ, ಪಬ್‌ಗಳಿಗೆ 3ಕ್ಕೆ. ಒಂದರಿಂದ ಐದನೆಯ ತರಗತಿಯ ಬಾಗಿಲು ತೆರೆದದ್ದು ಅಕ್ಟೋಬರ್ 25ಕ್ಕೆ, ಅಂಗನವಾಡಿ ಇನ್ನೂ ತಡ.

2020ರಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ, ಆಸ್ತಿ ಹಾಳುಮಾಡಿದವರಿಗೆ ಅದರಲ್ಲಿ ಶಿಕ್ಷೆ ಇದೆ. ಅದು ಇರಬೇಕಾದದ್ದೇ. ಅದಕ್ಕೆ ಇನ್ನೂ ಮೂರು ಸೇರಬೇಕು. ಪ್ರತಿ ಆದೇಶದ ಜೊತೆ ಅದರ ಕಾರಣ ಸರಳ ಕನ್ನಡದಲ್ಲಿ ಪ್ರಕಟವಾಗಬೇಕು. ಅದು ತಾನಾಗಿ ಮುಗಿಯುವ ದಿನಾಂಕ ಅದರಲ್ಲೇ ಇರಬೇಕು. ಆಶಾ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು, ಸಂತೆಯ ವ್ಯಾಪಾರಿ ಕೂರುವ ಒಂದು ತಾಲ್ಲೂಕು ಸಮಿತಿ ದೂರು ಕೇಳಿ, ನಲವತ್ತೆಂಟು ಗಂಟೆಯಲ್ಲಿ ಜಿಲ್ಲಾಧಿಕಾರಿಗೆ ಬರೆಯಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಈ ಸಭೆಯಲ್ಲಿ ವಕೀಲರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ. ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರಿಗೆ ಈ ಮೂರು ಸಾಲು ಬರೆದು ಕೊಡಿ, ಉತ್ತರವನ್ನು ಲಿಖಿತವಾಗಿ ಕೇಳಿ.