ದಾರಿಯ ಹಕ್ಕನ್ನು ದಾರಿಗೆ ಬಿಟ್ಟುಕೊಡೋಣ

(ಜುಮಾ ಪ್ರವಚನದ ಸಾರ)

ಸ್ತುತಿಗಳೆಲ್ಲ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಹಾಗೂ ಅನುಗ್ರಹವಿರಲಿ.

ಸತ್ಯವಿಶ್ವಾಸಿ ಸಹೋದರರೇ,

ಕಳೆದ ತಿಂಗಳು ಇದೇ ಮಸೀದಿಯ ಅಂಗಳದಲ್ಲಿ ನಾವೊಂದು ಜನಾಝಾ ನಮಾಝ್ ನಿರ್ವಹಿಸಿದೆವು. ಎಪ್ಪತ್ತು ದಾಟಿದ ಹಿರಿಯರು. ಮಳೆಯಿರಲಿ, ಬಿಸಿಲಿರಲಿ, ಮೊದಲ ಸಫ್‌ನ ಬಲತುದಿಯಲ್ಲಿ ಅವರಿರುತ್ತಿದ್ದರು. ಮಗ್‌ರಿಬ್‌ನ ಬಾಂಗ್ ಕೇಳಿ ಮನೆಯಿಂದ ಹೊರಟವರು ಮಸೀದಿಯ ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ಬೈಕ್ ಬಡಿದು ಬಿದ್ದರು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಬೈಕ್ ಓಡಿಸುತ್ತಿದ್ದವನು ಹೊರಗಿನವನಲ್ಲ. ನಮ್ಮದೇ ಜಮಾಅತ್‌ನ ಹದಿನಾರು ವರ್ಷದ ಹುಡುಗ. ತಂದೆಯ ಬೈಕ್. ತಲೆಗೆ ಹೆಲ್ಮೆಟ್ ಇರಲಿಲ್ಲ. ಅವನೂ ಅದೇ ಮಗ್‌ರಿಬ್ ನಮಾಝ್ ತಪ್ಪಬಾರದೆಂದು ಧಾವಿಸುತ್ತಿದ್ದ. ಒಂದೇ ನಮಾಝ್‌ಗೆ ಹೊರಟ ಇಬ್ಬರು. ಒಬ್ಬರು ತಲುಪಲಿಲ್ಲ. ಇನ್ನೊಬ್ಬ ಈಗ ಮಸೀದಿಗೆ ಬರಲು ಮುಖವಿಲ್ಲವೆಂದು ಮನೆಯಲ್ಲೇ ಕುಳಿತಿದ್ದಾನೆ.

ಮೂರು ದಿನಗಳ ಬಳಿಕ ಹುಡುಗನ ತಂದೆ ನನ್ನ ಕೋಣೆಗೆ ಬಂದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಉಸ್ತಾದರೇ, ಎಲ್ಲರೂ ಅಲ್ಲಾಹನ ವಿಧಿ ಅನ್ನುತ್ತಿದ್ದಾರೆ. ಅಷ್ಟಕ್ಕೇ ಮುಗಿಯಿತಾ? ನನ್ನ ಮೇಲೆ ಏನೂ ಇಲ್ಲವಾ?”

ಸಹೋದರರೇ, ಇಂದಿನ ಪ್ರವಚನ ಆ ಪ್ರಶ್ನೆಗೆ ಉತ್ತರ.

ಮರಣ ಅಲ್ಲಾಹನ ನಿರ್ಣಯವೆಂಬುದು ನಮ್ಮ ಈಮಾನ್. ಮೃತರ ಮನೆಯವರಿಗೆ ಆ ಮಾತು ಸಾಂತ್ವನ. ಆದರೆ ತಪ್ಪು ಮಾಡಿದವರಿಗೆ ಅದು ನೆಪವಾಗಬಾರದು. ಖಲೀಫಾ ಉಮರ್(ರ) ಶಾಮ್‌ಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ಬಂತು. ಅವರು ದಾರಿಯಿಂದಲೇ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ಅಪಾಯ ಕಂಡಾಗ ಎಚ್ಚರ ವಹಿಸುವುದೂ ವಿಧಿಯ ಮೇಲಿನ ವಿಶ್ವಾಸದ ಭಾಗವೇ.

ಉದ್ದೇಶವಿಲ್ಲದೆ ತಪ್ಪಿ ಆದ ಸಾವಿಗೂ ಅಲ್ಲಾಹನು ಸೂರಾ ಅನ್ನಿಸಾದ 92ನೇ ಸೂಕ್ತದಲ್ಲಿ ಹೊಣೆ ವಿಧಿಸಿದ್ದಾನೆ. ಮೃತರ ವಾರಸುದಾರರು ಕ್ಷಮಿಸದಿದ್ದರೆ ಅವರಿಗೆ ಪರಿಹಾರ ಕೊಡಬೇಕು. ಅಲ್ಲದೆ ಗುಲಾಮ ವಿಮೋಚನೆ ಮಾಡಬೇಕು, ಅದಕ್ಕೆ ಸಾಧ್ಯವಿಲ್ಲದವರು ಸತತ ಎರಡು ತಿಂಗಳು ಉಪವಾಸವಿರಬೇಕು. ಯೋಚಿಸಿ: ಕೊಲ್ಲುವ ಉದ್ದೇಶವೇ ಇಲ್ಲದವನಿಗೆ ಇಷ್ಟು. ಅಜಾಗ್ರತೆಯಿಂದ ಹೋದ ಜೀವವೂ ಅಲ್ಲಾಹನ ಬಳಿ ಎಷ್ಟು ಭಾರವೆಂದು ಇದರಿಂದ ತಿಳಿಯುತ್ತದೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ರಸ್ತೆ ಅಪಘಾತಗಳ ಬಗ್ಗೆಯೇ ಚರ್ಚಿಸಿ, ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯವೆಂದು ನಿರ್ಣಯಿಸಿತು. ಅಂದರೆ ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ. ಲೈಸೆನ್ಸ್ ಆರ್‌ಟಿಓ ಕಚೇರಿಗಾಗಿ ಅಲ್ಲ.

ಇನ್ನು ಆ ಹುಡುಗನ ಧಾವಂತ. ಅವನಿಗೆ ಅದನ್ನು ಕಲಿಸಿದವರು ಯಾರು? ಜುಮಾ ದಿನ ಖುತ್ಬಾ ಶುರುವಾದ ಮೇಲೆ ನಮ್ಮ ಗೇಟಿನ ಮುಂದೆ ಬೈಕ್‌ಗಳು ಬರುವ ವೇಗ ನೋಡಿ. ಇಕಾಮತ್ ಕೇಳಿದರೂ ಓಡಿ ಬರಬೇಡಿ, ಶಾಂತಿ ಮತ್ತು ಗಾಂಭೀರ್ಯದಿಂದ ನಡೆದು ಬನ್ನಿ, ಸಿಕ್ಕಿದಷ್ಟನ್ನು ನಿರ್ವಹಿಸಿ ತಪ್ಪಿದ್ದನ್ನು ಪೂರ್ತಿಗೊಳಿಸಿ ಎಂಬುದು ಪ್ರವಾದಿ(ಸ)ರ ಆದೇಶ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದಿದೆ. ಕಾಲ್ನಡಿಗೆಯಲ್ಲೇ ಓಡಬಾರದೆಂದ ಮೇಲೆ, ಎಂಜಿನ್ ಕಟ್ಟಿಕೊಂಡು ಓಡುವುದು ಯಾವ ಸುನ್ನತ್? ಒಂದು ರಕಅತ್ ತಪ್ಪಿದರೆ ಎದ್ದು ಪೂರ್ತಿ ಮಾಡಬಹುದು. ಜೀವ ತಪ್ಪಿದರೆ?

ಈಗ ನಾನು ಹೇಳಲು ಕಷ್ಟವಾಗುವ ಮಾತಿಗೆ ಬರುತ್ತೇನೆ.

ಆ ಸಂಜೆಯ ದೃಶ್ಯವನ್ನು ಎದುರಿನ ಅಂಗಡಿಯ ಸಿಸಿಟಿವಿಯಲ್ಲಿ ನೋಡಿದೆ. ಆ ಹಿರಿಯರು ರಸ್ತೆಯ ಅಂಚಿನಲ್ಲೇ ಬರುತ್ತಿದ್ದರು. ಮಸೀದಿಯ ಗೋಡೆಗೆ ತಾಗಿ ಬೈಕ್, ಸ್ಕೂಟರ್‌ಗಳು ಸಾಲಾಗಿ ನಿಂತಿದ್ದವು. ನಡೆಯಲು ಜಾಗವಿಲ್ಲದೆ ಅವರು ಡಾಮರಿನ ಮೇಲೆ ಇಳಿದರು. ನಾಲ್ಕು ಹೆಜ್ಜೆ ಹಾಕಿದ್ದರು, ಅಷ್ಟೇ. ಆ ಸಾಲಿನ ಕೊನೆಯ ಸ್ಕೂಟರ್ ನನ್ನದು. ಒಂದು ಮನೆಗೆ ಹೋಗಿ ಬಂದವನು, ಬಾಂಗ್‌ಗೆ ಹೊತ್ತಾಯಿತೆಂದು ಅಲ್ಲೇ ನಿಲ್ಲಿಸಿ ಒಳಗೆ ಬಂದಿದ್ದೆ.

ಹುಡುಗನ ತಂದೆಗೆ ನಾನು ಇದನ್ನೇ ಹೇಳಿದೆ: ನಿಮ್ಮ ಮೇಲೂ ಹೊಣೆ ಇದೆ, ನನ್ನ ಮೇಲೂ ಇದೆ. ಮೃತರ ಮನೆಗೆ ಇಬ್ಬರೂ ಒಟ್ಟಿಗೆ ಹೋದೆವು. ಅವರ ಹಿರಿಯ ಮಗ ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಒಂದೇ ಮಾತು ಹೇಳಿದರು: “ಉಸ್ತಾದರೇ, ಇನ್ನೊಬ್ಬರ ತಂದೆಗೆ ಹೀಗಾಗದ ಹಾಗೆ ನೋಡಿಕೊಳ್ಳಿ.”

ದಾರಿಯಿಂದ ತೊಂದರೆ ನೀಗಿಸುವುದು ಈಮಾನ್‌ನ ಒಂದು ಶಾಖೆಯೆಂದು ಮಕ್ಕಳಿಗೆ ಮದ್ರಸದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ದಾರಿಯಲ್ಲಿದ್ದ ಮುಳ್ಳಿನ ಕೊಂಬೆ ಸರಿಸಿದವನಿಗೆ ಅಲ್ಲಾಹನ ಕ್ಷಮೆ ಸಿಕ್ಕಿದ ಹದೀಸನ್ನೂ ಹೇಳುತ್ತೇವೆ. ಹಾಗಾದರೆ ದಾರಿಯಲ್ಲಿ ಮುಳ್ಳು ತಂದಿಟ್ಟವನ ಗತಿ ಏನು? ದಾರಿಯ ಅಗಲದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ರು ತೀರ್ಪು ಕೊಟ್ಟರು. ಸಾರ್ವಜನಿಕ ದಾರಿಯಲ್ಲಿ ಹೊಂಡ ತೋಡಿದವನು ಅದರಲ್ಲಿ ಬಿದ್ದವರ ನಷ್ಟಕ್ಕೆ ಹೊಣೆಯೆಂದು ನಮ್ಮ ಫಿಕ್ಹ್ ಗ್ರಂಥಗಳು ಚರ್ಚಿಸುತ್ತವೆ. ಅಂಗಡಿಯವರು ದಾರಿಯನ್ನು ಕಬಳಿಸದಂತೆ ನೋಡಿಕೊಳ್ಳುವುದು ಹಿಂದೆ ಮುಹ್ತಸಿಬ್ ಎಂಬ ಅಧಿಕಾರಿಯ ಕೆಲಸವಾಗಿತ್ತು. ದಾರಿಗೆ ಹಕ್ಕಿದೆ. ಅದು ನಡೆದು ಹೋಗುವವನ ಹಕ್ಕು, ಅವನು ಯಾವ ಧರ್ಮದವನೇ ಆಗಿರಲಿ.

ನಮ್ಮ ಪೇಟೆಯ ಮುಖ್ಯರಸ್ತೆಯೇ ಹೆದ್ದಾರಿ. ಒಂದು ಬದಿಯಲ್ಲಿ ಶಾಲೆ, ಇನ್ನೊಂದು ಬದಿಯಲ್ಲಿ ಮಸೀದಿ, ನಡುವೆ ಬಸ್ ನಿಲ್ದಾಣ, ಮೀನು ಮಾರುಕಟ್ಟೆ. ಲಾರಿಗಳು ಹಗಲೂ ರಾತ್ರಿ. ಇದನ್ನು ಸುರಕ್ಷಿತಗೊಳಿಸಲು ಪಟ್ಟಣ ಪಂಚಾಯತ್ ಒಂದು ಯೋಜನೆ ಮುಂದಿಟ್ಟಿದೆ: ಚರಂಡಿಗೆ ಚಪ್ಪಡಿ ಹಾಕಿ ಎರಡೂ ಬದಿ ಫುಟ್‌ಪಾತ್, ಶಾಲೆ ಹಾಗೂ ಮಸೀದಿಯ ಮುಂದೆ ಎತ್ತರಿಸಿದ ಝೀಬ್ರಾ ಕ್ರಾಸಿಂಗ್, ವಾಹನ ನಿಲ್ಲಿಸಲು ಒಂದೇ ಬದಿ, ದಾರಿದೀಪ. ಮೊನ್ನೆಯ ಸಭೆಯಲ್ಲಿ ಇದಕ್ಕೆ ವಿರೋಧ ಬಂತು. ವಿರೋಧಿಸಿದವರಲ್ಲಿ ನಮ್ಮವರೂ ಇದ್ದರು. ಅಂಗಡಿಯ ಮುಂದೆ ಗಾಡಿ ನಿಲ್ಲದಿದ್ದರೆ ವ್ಯಾಪಾರ ಬೀಳುತ್ತದೆ ಎಂಬ ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಿಝ್ಕ್‌ನ ಚಿಂತೆ ಎಲ್ಲರಿಗೂ ಇದೆ. ಗಿರಾಕಿಯ ವಾಹನಕ್ಕೆ ಹತ್ತಿರದಲ್ಲೇ ಬೇರೆ ಜಾಗ ಕೊಡಿ ಎಂದು ಕೇಳುವುದು ನ್ಯಾಯ. ಫುಟ್‌ಪಾತೇ ಬೇಡ ಎನ್ನುವುದು ನ್ಯಾಯವಲ್ಲ.

ಈ ಬದಲಾವಣೆಗಳು ಏಕೆ ಬೇಕು? ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಮಗುವನ್ನು ಕಂಡು ಬ್ರೇಕ್ ತುಳಿಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಬಳಿಕ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಎತ್ತರಿಸಿದ ಕ್ರಾಸಿಂಗ್ ಬೋರ್ಡಿನ ಹಾಗಲ್ಲ, ವೇಗವನ್ನು ತಾನೇ ಇಳಿಸುತ್ತದೆ. ಆದರೆ ಅಪಘಾತವಾದ ರಾತ್ರಿ ಕೆಲವು ಯುವಕರು ಸಿಟ್ಟಿನಿಂದ ಮಾಡಿದಂತೆ ಜಲ್ಲಿ ಸುರಿದು ಗುಡ್ಡೆ ಮಾಡಿದರೆ ಹಂಪ್ ಆಗುವುದಿಲ್ಲ. ಬಣ್ಣವಿಲ್ಲದ, ಅಳತೆಯಿಲ್ಲದ ಗುಡ್ಡೆಗೆ ಕತ್ತಲಲ್ಲಿ ಬೀಳುವವನು ದ್ವಿಚಕ್ರ ಸವಾರ. ಅದಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಗಳಿವೆ: ಹಂಪ್ ಸುಮಾರು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಹಾಗೆಯೇ ಮಾಡಿಕೊಡಿ ಎಂದು ಕೇಳೋಣ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ದಿನಕ್ಕೆ 460ಕ್ಕೂ ಹೆಚ್ಚು ಜನಾಝಾ, ಶವಯಾತ್ರೆಗಳು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು.

ಮನೆಯ ಹಿರಿಯರಿಗೆ, ತಾಯಂದಿರಿಗೆ ಒಂದು ವಿನಂತಿ. ಹದಿನೆಂಟು ತುಂಬದ ಮಗನ ಕೈಗೆ ಕೀ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನು ವಾಹನದಿಂದ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಕಾನೂನಿನ ಭಯಕ್ಕಲ್ಲ, ಅವನು ನಿಮಗೆ ಅಲ್ಲಾಹನು ಕೊಟ್ಟ ಅಮಾನತ್ ಎಂಬ ಕಾರಣಕ್ಕೆ. ಅಂಗಡಿಗೆ ಹೋಗಿ ಹಾಲು ತಾ ಎಂದು ನಾವೇ ಕೀ ಕೊಟ್ಟು ಕಳಿಸುತ್ತೇವೆ. ಅಭ್ಯಾಸ ಅಲ್ಲಿಂದ ಶುರು.

ಯುವಕರೇ, ರಸ್ತೆಯಲ್ಲಿ ಯಾರಾದರೂ ಬಿದ್ದರೆ ವೀಡಿಯೊ ಮಾಡುತ್ತ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ತಲುಪಿಸಿ. ಸದುದ್ದೇಶದಿಂದ ನೆರವಾದವರನ್ನು ಅದೇ ಕಾನೂನಿನ 134ಎ ಕಲಮು ರಕ್ಷಿಸುತ್ತದೆ. ಒಂದು ಜೀವ ಉಳಿಸುವುದರ ಬೆಲೆ ಸೂರಾ ಅಲ್ ಮಾಇದಾ ಓದಿದವರಿಗೆ ಗೊತ್ತಿದೆ.

ಮಸೀದಿ ಕಮಿಟಿ ಕಳೆದ ವಾರ ಮೂರು ತೀರ್ಮಾನ ಮಾಡಿದೆ. ಗೋಡೆಯ ಹೊರಗೆ ಇನ್ನು ಯಾರ ವಾಹನವೂ ನಿಲ್ಲುವಂತಿಲ್ಲ, ಹಿಂದಿನ ಖಾಲಿ ಜಾಗವನ್ನು ಅದಕ್ಕಾಗಿ ತೆರೆಯಲಾಗಿದೆ. ರಸ್ತೆಗೆ ಚಾಚಿಕೊಂಡಿರುವ ನಮ್ಮ ಮೆಟ್ಟಿಲುಗಳನ್ನು ನಾವೇ ಖರ್ಚು ಮಾಡಿ ಒಳಗೆ ತೆಗೆದುಕೊಳ್ಳುತ್ತೇವೆ. ಜುಮಾ ದಿನ ನಾಲ್ವರು ಸ್ವಯಂಸೇವಕರು ಗೇಟಿನಲ್ಲಿದ್ದು ಹಿರಿಯರನ್ನು, ಮಕ್ಕಳನ್ನು ರಸ್ತೆ ದಾಟಿಸುತ್ತಾರೆ. ಮೊದಲು ನಮ್ಮ ಮೆಟ್ಟಿಲು ಒಳಗೆ ಹೋಗಲಿ. ಆಮೇಲೆ ಪಂಚಾಯತ್ ಮುಂದೆ ನಿಂತು ಫುಟ್‌ಪಾತ್ ಕೇಳಲು ನಮಗೆ ಮುಖವಿರುತ್ತದೆ.

ಇನ್ನೊಂದು ಮಾತು. ಆ ಹುಡುಗನನ್ನು ಕಂಡರೆ ಮುಖ ತಿರುಗಿಸಬೇಡಿ. ಸಲಾಮ್ ಹೇಳಿ, ಕೈಹಿಡಿದು ಸಫ್‌ಗೆ ಕರೆತನ್ನಿ. ಮೃತರ ಮಗನೇ ಅವನನ್ನು ಕರೆತರುವುದಾಗಿ ಹೇಳಿದ್ದಾರೆ.

ಅಲ್ಲಾಹನು ಮೃತ ಹಿರಿಯರಿಗೆ ಮಗ್ಫಿರತ್ ನೀಡಲಿ, ಅವರ ಮನೆಯವರಿಗೆ ಸಹನೆ ನೀಡಲಿ, ನಮ್ಮೆಲ್ಲರ ಅಜಾಗ್ರತೆಯನ್ನು ಮನ್ನಿಸಲಿ, ದಾರಿಯ ಹಕ್ಕನ್ನು ದಾರಿಗೆ ಬಿಟ್ಟುಕೊಡುವ ತೌಫೀಕ್ ನೀಡಲಿ. ಆಮೀನ್.