ಮೂರ್ಛೆರೋಗ: ಮುಚ್ಚಿಟ್ಟರೆ ಹೆಚ್ಚುವ ಅಪಾಯ

(ವಿಲೆ ಪಾರ್ಲೆಯಲ್ಲಿ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಸಮಾಜದ ಸಭೆಗಳಲ್ಲಿ ಯಾರೂ ಎತ್ತದ ವಿಷಯವೊಂದಿದೆ. ಅದು ಅಪಸ್ಮಾರ, ಅಂದರೆ ಮೂರ್ಛೆರೋಗ. ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ಮನೆಯವರು ಅದನ್ನು ನೆಂಟರಿಗೂ ತಿಳಿಸುವುದಿಲ್ಲ. ಆ ಮೌನದಲ್ಲಿ ಸಂಬಂಧ ತಪ್ಪುವುದಕ್ಕಿಂತ ದೊಡ್ಡ ಅಪಾಯವಿದೆ.

ಅಪಸ್ಮಾರವಿರುವ ವ್ಯಕ್ತಿ ರಾತ್ರಿ ಎಂದಿನಂತೆ ಮಲಗಿ, ಬೆಳಗ್ಗೆ ಹಾಸಿಗೆಯಲ್ಲೇ ನಿಶ್ಚೇಷ್ಟಿತನಾಗಿ ಕಾಣುವುದುಂಟು. ಮರಣೋತ್ತರ ಪರೀಕ್ಷೆಯಲ್ಲಿಯೂ ಬೇರೆ ಕಾರಣ ದೊರೆಯದು. ವೈದ್ಯರು ಇದನ್ನು ‘ಸುಡೆಪ್’ ಎನ್ನುತ್ತಾರೆ. ಅಪಸ್ಮಾರದಲ್ಲಿ ಸಂಭವಿಸುವ ಅನಿರೀಕ್ಷಿತ ಹಠಾತ್ ಮರಣವೆಂದು ಅರ್ಥ. ಅಮೆರಿಕದ ನರರೋಗ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವರ್ಷಕ್ಕೆ 1,000 ವಯಸ್ಕ ರೋಗಿಗಳಲ್ಲಿ ಒಬ್ಬರು, 4,500 ಮಕ್ಕಳಲ್ಲಿ ಒಬ್ಬರು ಹೀಗೆ ಮೃತರಾಗುತ್ತಾರೆ. ಸಂಖ್ಯೆ ಸಣ್ಣದು. ಆದರೆ ಅಪಾಯ ಎಲ್ಲರಿಗೂ ಸಮನಾಗಿಲ್ಲ. ಮೈಯೆಲ್ಲ ಸೆಟೆದು ನಡುಗುವ ದೊಡ್ಡ ಸೆಳವು ವರ್ಷಕ್ಕೆ ಮೂರು ಅಥವಾ ಹೆಚ್ಚು ಬಾರಿ ಬರುವವರಿಗೆ ಅದು ಹಲವು ಪಟ್ಟು ಅಧಿಕ. ಆಸ್ಪತ್ರೆಯ ನಿಗಾದಲ್ಲಿದ್ದಾಗಲೇ ಮೃತರಾದವರನ್ನು ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸೆಳವು ನಿಂತ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು, ಬಳಿಕ ಹೃದಯ ನಿಂತುದು ಅದರಲ್ಲಿ ಕಂಡುಬಂದಿತು. ಹೆಚ್ಚಿನವು ರಾತ್ರಿ ನಡೆದವು. ಬೋರಲಾಗಿ ಮಲಗಿದ್ದವರೇ ಹೆಚ್ಚು.

ಆದ್ದರಿಂದ ದೊಡ್ಡ ಸೆಳವನ್ನು ತಡೆಯುವುದೇ ಮುಖ್ಯ ರಕ್ಷಣೆ. ಅದಕ್ಕೆ ಆಧಾರ, ತಪ್ಪದೆ ನುಂಗುವ ಮಾತ್ರೆ. ಜೈನ ಮನೆಗಳು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಪಾರ್ಲೆಯಲ್ಲಿ ಇಳಿಯುವ ಹೊತ್ತಿಗೆ ಸೂರ್ಯಾಸ್ತವಾಗಿರುತ್ತದೆ. ನೀರನ್ನೂ ತ್ಯಜಿಸಿದವರ ರಾತ್ರಿಯ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ದಶಲಕ್ಷಣ ಪರ್ವದ ನಿರ್ಜಲ ಉಪವಾಸದಲ್ಲಿ ಇಡೀ ದಿನದ ಔಷಧ ತಪ್ಪುತ್ತದೆ. ತತ್ತ್ವಾರ್ಥಸೂತ್ರವು ತ್ಯಾಗ, ತಪಗಳೆರಡೂ ಶಕ್ತಿಗೆ ತಕ್ಕಂತಿರಬೇಕೆನ್ನುತ್ತದೆ. ರೋಗಿಯ ಶಕ್ತಿಯನ್ನು ಅಳೆಯದೆ ಅವನ ಉಪವಾಸವನ್ನು ಹೊಗಳುವುದು ಧರ್ಮವಲ್ಲ. ಹಗಲಿನಲ್ಲೇ ಮುಗಿಯುವಂತೆ ವೇಳೆ ಹೊಂದಿಸಲು ಅಥವಾ ದಿನಕ್ಕೊಮ್ಮೆ ಸಾಕಾಗುವ ಮಾತ್ರೆ ಕೊಡಲು ಸಾಧ್ಯವೇ ಎಂದು ನರರೋಗ ತಜ್ಞರನ್ನು ಕೇಳಬಹುದು. ತಾವಾಗಿಯೇ ಬದಲಿಸುವುದು ಮಾತ್ರ ಸಲ್ಲದು.

ಮದುವೆಯ ಭಯಕ್ಕೆ ಒಂದು ಕಾಲದಲ್ಲಿ ಕಾನೂನಿನ ಆಸರೆಯೂ ಇತ್ತು. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಯಲ್ಲಿ 1976ರ ತಿದ್ದುಪಡಿಯು ಮರುಕಳಿಸುವ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಸೇರಿಸಿತ್ತು. 1999ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಕಾಯಿದೆ ಬಿಟ್ಟ ಕಳಂಕವನ್ನು ಸಮಾಜವು ಇನ್ನೂ ಹಿಡಿದುಕೊಂಡಿದೆ. ಇದೇ ಮುಂಬಯಿಯ ಪಾರಸಿಗಳಲ್ಲಿ ಅಪಸ್ಮಾರ ಎಷ್ಟಿದೆಯೆಂಬ ಸಮೀಕ್ಷೆಯ ಫಲಿತಾಂಶ 1988ರಲ್ಲೇ ಪ್ರಕಟವಾಯಿತು. ಎಣಿಸಿದರೆ ಮಾನ ಹೋಗುವುದಿಲ್ಲ.

ವ್ಯಾಪಾರದ ಮನೆಗಳಲ್ಲಿ ದಿನವಹಿ ಬರೆಯುವಂತೆ ಸೆಳವಿನ ದಿನಾಂಕ, ವೇಳೆ, ತಪ್ಪಿದ ಮಾತ್ರೆ ಇವುಗಳನ್ನು ಬರೆದಿಡಿ. ರಾತ್ರಿ ಸೆಳವು ಬರುವವರ ಕೋಣೆಯಲ್ಲಿ ಇನ್ನೊಬ್ಬರು ಮಲಗಲಿ. ಸೆಳವು ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ನಡುಕ ನಿಂತೊಡನೆ ಮಗ್ಗುಲಿಗೆ ಹೊರಳಿಸಿ, ಪೂರ್ಣ ಎಚ್ಚರವಾಗುವತನಕ ಜೊತೆಗಿರಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆಮಾಡಿ. ವೈದ್ಯರು ಸುಡೆಪ್ ಮಾತೆತ್ತದಿದ್ದರೆ ನೀವೇ ಕೇಳಿ.

ಇರುವೆಗೂ ನೋವಾಗದಂತೆ ಹೆಜ್ಜೆಯಿಡುವ ಸಮಾಜವು ಮನೆಯೊಳಗಿನ ಜೀವವನ್ನು ನಾಚಿಕೆಯ ಕಾರಣದಿಂದ ಕಳೆದುಕೊಳ್ಳಬಾರದು.

ಜಯ ಜಿನೇಂದ್ರ.