ಬಸ್ಸಿನ ಹೊಗೆ, ಪೇಟೆಯ ದಟ್ಟಣೆ: ಪುರಸಭೆಯನ್ನು ನಾವು ಏನು ಕೇಳಬೇಕು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)

ಸಂತೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ ನಮಗೆ ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ಕೇಳುವುದೇ ಬೇಡ. ಹಾಗಾಗಿ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡು ಹೊಗೆ ಕುಡಿಯುವವರೂ ನಾವೇ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ತಿಳಿಸಿದೆ.

ಹಾಗಂತ ಬಸ್ಸನ್ನೇ ಬೈಯಬೇಡಿ. ಒಂದು ಬಸ್ಸಿನಲ್ಲಿ 50 ಜನ ಹೋಗ್ತಾರೆ. ಅವರೆಲ್ಲ ಸ್ಕೂಟರು, ಕಾರು ಹತ್ತಿ ಹೊರಟರೆ ನಮ್ಮ ಪೇಟೆ ಬೀದಿಯ ಗತಿ ಏನು? ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ 'ಲೌದಾತೊ ಸೀ' ಪರಿಪತ್ರದಲ್ಲಿ ಒಬ್ಬಿಬ್ಬರೇ ಹೋಗುವ ಕಾರುಗಳಿಂದಾಗುವ ದಟ್ಟಣೆಯ ಬಗ್ಗೆ ಹೇಳಿದ್ದಾರೆ, ಸಾರ್ವಜನಿಕ ಸಾರಿಗೆಗೆ ಆದ್ಯತೆ ಬೇಕು ಎಂದಿದ್ದಾರೆ.

ಹೊಸ ಬಸ್ಸುಗಳ ಹೊಗೆ ಕಡಿಮೆ. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸುಗಳೂ ಓಡಾಡ್ತಿವೆ. ಆದರೆ ಬಸ್ಸು ಕೊಳ್ಳುವುದು ಸಾರಿಗೆ ನಿಗಮದ ಕೆಲಸ, ಪುರಸಭೆಯದಲ್ಲ. ರಸ್ತೆ, ವಾಹನ ನಿಲುಗಡೆ ಜಾಗ, ಬಸ್ ನಿಲ್ದಾಣ ಇವು ಸಂವಿಧಾನದ 12ನೇ ಅನುಸೂಚಿಯಲ್ಲೇ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿವೆ. ದಟ್ಟಣೆಯ ಬೇರು ಇರುವುದೂ ಇಲ್ಲೇ.

ಬಸ್ಸು ತುಂಬಾ ಹೊಗೆ ಬಿಡುವುದು ಯಾವಾಗ? ನಿಂತು ನಿಂತು ಹೊರಡುವಾಗ. ಅಷ್ಟು ಭಾರದ ಗಾಡಿ ಪ್ರತಿ ಸಲ ಎಳೆದುಕೊಂಡು ಮುಂದೆ ಹೋಗಬೇಕಾದರೆ ಡೀಸೆಲ್ ಹೆಚ್ಚು ಸುಡುತ್ತದೆ. ತಂಗುದಾಣದ ಮುಂದೆ ಯಾರದೋ ಕಾರು ನಿಂತಿರುತ್ತದೆ, ಬಸ್ಸು ನಡುರಸ್ತೆಯಲ್ಲೇ ಜನ ಇಳಿಸಬೇಕಾಗುತ್ತದೆ, ಹಿಂದೆ ಸಾಲುಗಟ್ಟಿದ ಗಾಡಿಗಳ ಎಂಜಿನ್ ಸುಮ್ಮನೆ ಉರಿಯುತ್ತಿರುತ್ತದೆ. ಸರ್ಕಲ್ಲಿನ ಮೂಲೆಯಲ್ಲೇ ಸ್ಟಾಪ್ ಇದ್ದರಂತೂ ನಾಲ್ಕೂ ರಸ್ತೆ ಬಂದ್. ಸ್ಟಾಪನ್ನು ಸರ್ಕಲ್ ದಾಟಿಸಿ ಸ್ವಲ್ಪ ಮುಂದಕ್ಕೆ ಹಾಕಿ, ಬಸ್ಸು ನಿಲ್ಲುವ ಜಾಗಕ್ಕೆ ಗೆರೆ ಎಳೆದು ಅಲ್ಲಿ ಬೇರೆ ಗಾಡಿ ನಿಲ್ಲದಂತೆ ನೋಡಿಕೊಂಡರೆ ಅರ್ಧ ತಾಪತ್ರಯ ಕಳೆಯಿತು. ಪುರಸಭೆಯದೇ ನಿಲ್ದಾಣವಾದರೆ, ನಿಂತ ಬಸ್ಸಿನ ಎಂಜಿನ್ ಆರಿಸಬೇಕೆಂದು ಬೋರ್ಡ್ ಹಾಕಿ ಪಾಲಿಸುವಂತೆ ಮಾಡಬಹುದು. ಇದಕ್ಕೆ ಕೋಟಿ ಬೇಕಾ? ಬಣ್ಣದ ಡಬ್ಬಿ ಸಾಕು! ಹುಬ್ಬಳ್ಳಿ-ಧಾರವಾಡದಲ್ಲಿ 2018ರಲ್ಲಿ ಬಸ್ಸಿಗೇ ಮೀಸಲಾದ ಪಥದಲ್ಲಿ ಸಂಚಾರ ಶುರುವಾಯಿತು. ಬಸ್ಸಿನವರಿಗೆ ಅನುಕೂಲವಾಯಿತು, ಪಕ್ಕದ ರಸ್ತೆ ಕಿರಿದಾಯಿತೆಂಬ ದೂರೂ ಬಂತು. ಸಣ್ಣ ಊರಿಗೆ ಅಷ್ಟು ದೊಡ್ಡ ಯೋಜನೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರ ಬೇಕು. ದಟ್ಟಣೆ ತೆರವು ಅಂದ ಕೂಡಲೇ ಮೊದಲು ಎತ್ತಂಗಡಿ ಆಗುವುದು ಹೂವಿನ ಬುಟ್ಟಿ, ಮೀನಿನ ಬುಟ್ಟಿ. ದಿನವಿಡೀ ನಿಂತ ಕಾರನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಎಷ್ಟೋ ಸದಸ್ಯೆಯರು ಆ ವ್ಯಾಪಾರದಿಂದಲೇ ಸಂಘದ ಸಾಲ ತೀರಿಸುತ್ತಿದ್ದಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮೂರಲ್ಲಿ ಆ ಸಮಿತಿ ಇದೆಯಾ, ಸಭೆ ಸೇರುತ್ತದಾ ಎಂದು ವಿಚಾರಿಸಿ. ಬಸ್ ಸ್ಟಾಪ್ ಬದಲಿಸುವ ಮಾತು ಬಂದರೆ, ವ್ಯಾಪಾರದ ಜಾಗದ ಮಾತನ್ನೂ ಅದೇ ದಿನ ಎತ್ತಿ.

ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ನಡಾವಳಿ ಬರೆಯದೆ ನಾವು ಸಂಘದಲ್ಲಿ ಸಾಲ ಕೊಡ್ತೀವಾ? ಹಾಗೆಯೇ ಇದೂ. ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ಬಸ್ಸು ಎಲ್ಲಿ ನಿಲ್ಲಬೇಕೆಂದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಗೊತ್ತುಮಾಡುವಾಗ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕು. ಆದ್ದರಿಂದ ವಾರ್ಡಿನ ಸದಸ್ಯರಿಗೆ ಅರ್ಜಿ ಕೊಟ್ಟು, ಪುರಸಭೆಯ ಸಭೆಯಲ್ಲಿ ಠರಾವು ಆಗುವಂತೆ ನೋಡಿಕೊಳ್ಳಿ. ಹಳ್ಳಿಯವರು ಗ್ರಾಮಸಭೆಯಲ್ಲಿ ಕೇಳಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಮುಂದಿನ ಸಭೆಗೆ ಮೊದಲು ಪ್ರತಿ ಸಂಘದಿಂದ ಇಬ್ಬರು ಬೆಳಿಗ್ಗೆ ಒಂದು ಗಂಟೆ ನಿಮ್ಮ ಸ್ಟಾಪಿನಲ್ಲಿ ನಿಂತು ಬರೆದುಕೊಳ್ಳಿ: ಎಷ್ಟು ಬಸ್ಸು ನಡುರಸ್ತೆಯಲ್ಲಿ ನಿಂತವು, ಅವುಗಳ ಜಾಗದಲ್ಲಿ ಯಾವ ಗಾಡಿ ಇತ್ತು, ಎಂಜಿನ್ ಆರಿಸದೆ ನಿಂತದ್ದು ಎಷ್ಟು. ಆ ಪಟ್ಟಿಯನ್ನೇ ಅರ್ಜಿಗೆ ಲಗತ್ತಿಸೋಣ.